ಮೂವತ್ತೋ ನಲವತ್ತೋ ಅರವತ್ತೋ

ಕಡೂರು, ೬ ಜನವರಿ ೧೯೮೭

ಕಾಯಿ ಕೀಳುವ ಪುಟ್ಟಯ್ಯ ಇವತ್ತು ಬೆಳಿಗ್ಗೆ ತೆಂಗಿನ ಮರ ಹತ್ತಿ ಹೆಲಿಕಾಪ್ಟರನ್ನೂ ಮಾವನವರ ಪೇಟವನ್ನೂ ಇಳಿಸಿಕೊಟ್ಟ. ಎರಡನ್ನೂ ಬೇರೆ ಮಾಡಲು ಮಧ್ಯಾಹ್ನದ ತನಕ ಹಿಡಿಯಿತು. ಪೇಟದ ಜರಿಯಂಚು ರೆಕ್ಕೆಯ ಬುಡಕ್ಕೆ ಮೋಟಾರಿನ ತಂತಿಯ ಹಾಗೆ ಸುತ್ತಿಕೊಂಡಿತ್ತು. ಇಷ್ಟು ಬಿಗಿಯಾಗಿ ನಮ್ಮ ಅಂಗಡಿಯಲ್ಲಿ ಯಾರೂ ವೈಂಡಿಂಗ್ ಮಾಡಲಾರರು. ಪೇಟ ಒಗೆದರೆ ಸರಿಹೋದೀತು. ಹೆಲಿಕಾಪ್ಟರ್ ಸರಿಹೋಗುವುದಿಲ್ಲ. ಬಾಲ ಮುರಿದಿದೆ, ಎಂಜಿನ್ನಿನೊಳಗೆ ಇರುವೆ ಸೇರಿವೆ.

ನಡೆದದ್ದನ್ನು ಸರಿಯಾಗಿ ಬರೆದಿಟ್ಟುಕೊಳ್ಳಬೇಕು. ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ಹೊಸ ವರ್ಷದ ದಿನ ಮಾವ ದೇವೀರಪ್ಪನವರು ಅಜ್ಜಂಪುರದಿಂದ ಬಂದಿದ್ದರು. ಊಟವಾದ ಮೇಲೆ ನಮ್ಮ ಪಂಪ್‌ಸೆಟ್ ಅಂಗಡಿಯ ಹಿಂದಿನ ತೆಂಗಿನ ತೋಟದಲ್ಲಿ ಕುರ್ಚಿ ಹಾಕಿಸಿ ಕೂರಿಸಿದೆ. ಅಜ್ಜಯ್ಯ ಜಪಾನಿನಿಂದ ತಂದುಕೊಟ್ಟಿದ್ದ ರೇಡಿಯೋ ಹೆಲಿಕಾಪ್ಟರನ್ನು ಅವರ ಮುಂದೆ ಹಾರಿಸಬೇಕೆಂಬುದು ನನ್ನ ಆಸೆ. (ಅಜ್ಜಯ್ಯ ನನ್ನ ಚಿಕ್ಕಮ್ಮನ ಮಗ, ಹಡಗಿನಲ್ಲಿ ಎಂಜಿನಿಯರ್. ಹೆಸರು ಅಜ್ಜಯ್ಯ, ಇನ್ನೂ ಮದುವೆಯಾಗಿಲ್ಲ.) ಹೆಲಿಕಾಪ್ಟರ್ ಎದ್ದಿತು. ಮರಗಳ ನಡುವಿನಿಂದ ಗಾಳಿ ನುಗ್ಗಿತು. ಅದು ಮಾವನವರ ಕಡೆ ಹೊರಟಾಗ ನಾನು “ಮಾವಾ, ಬಗ್ಗಿ!” ಎಂದು ಕೂಗಿದೆ. ಅವರು ಬಗ್ಗಲಿಲ್ಲ. ಈರುಳ್ಳಿ ಮಂಡಿಯಲ್ಲಿ ಯಾರಿಗೂ ಬಗ್ಗದೆ ಬದುಕಿದವರು. ಪೇಟ ತಲೆಯಿಂದ ಎದ್ದು, ಬಿಚ್ಚಿಕೊಂಡು, ಹೆಲಿಕಾಪ್ಟರಿನ ಹಿಂದೆ ಉದ್ದಕ್ಕೆ ಬಾಲದ ಹಾಗೆ ಹಾರುತ್ತ ಮರದ ತಲೆ ಸೇರಿತು. ಮಾವನವರಿಗೆ ಒಂದು ಗೀರೂ ಆಗಲಿಲ್ಲ. ಎದ್ದು ನಿಂತು, ಬರಿದಲೆಯಲ್ಲೇ ಸ್ಟೇಷನ್ನಿಗೆ ನಡೆದರು. ಅವರನ್ನು ಊರಿಗೆ ಬಿಟ್ಟು ಬರುತ್ತೇನೆಂದು ಹೆಂಡತಿ ಮಲ್ಲಿಕಾಂಬನೂ ಹೊರಟಳು. ಇನ್ನೂ ಬಂದಿಲ್ಲ. ಎರಡು ದಿನದಲ್ಲಿ ಬರುತ್ತಾಳೆ.

ಅಜ್ಜಯ್ಯನ ಕಾಗದ ಬಂದಿದೆ. ಮಾರ್ಚಿನಲ್ಲಿ ಅವನ ಹಡಗು ಮತ್ತೆ ಜಪಾನಿಗೆ ಹೋಗುತ್ತದಂತೆ. “ಒಂದೇ ಪೆಟ್ಟಿಗೆ ತರಕ್ಕಾಗೋದು ಅಣ್ಣಯ್ಯ. ಈ ಸಲ ಸೈಜು ಯೋಚ್ನೆ ಮಾಡಿ ಟೆಲಿಗ್ರಾಂ ಕೊಡು” ಎಂದು ಬರೆದಿದ್ದಾನೆ.

ಯೋಚನೆ ಮಾಡಿದೆ. ತಪ್ಪು ಆಗಿರುವುದು ಸೈಜಿನಲ್ಲೇ.

ಕಡೂರು, ೧೧ ಜನವರಿ

ಹೆಲಿಕಾಪ್ಟರಿನಲ್ಲಿ ಮೂರು ಸೈಜು. ಎಂಜಿನ್ನಿನ ಗಾತ್ರದ ಮೇಲೆ ಅವಕ್ಕೆ ಮೂವತ್ತು, ನಲವತ್ತು, ಅರವತ್ತು ಎಂದು ಹೆಸರು. ಮರದಲ್ಲಿ ಸಿಕ್ಕಿಕೊಂಡದ್ದು ಮೂವತ್ತರದು. ಕ್ಯಾಟಲಾಗಿನಲ್ಲಿ ಜಪಾನೀ ಭಾಷೆ. ಆದರೆ ಚಿತ್ರ ನೋಡಿ ಅಂದಾಜು ಮಾಡಬಹುದು. ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದರೆ ಮೂವತ್ತರದು ನನ್ನ ಎದೆಗೆ ಬರುತ್ತದೆ, ನಲವತ್ತರದು ಭುಜಕ್ಕೆ, ಅರವತ್ತರದು ಕಿವಿಗೆ.

ಚಿಕ್ಕದು ಗಾಳಿಗೆ ಹೆದರುತ್ತದೆ. ದೊಡ್ಡದು ಗಾಳಿಯಲ್ಲೂ ನೆಟ್ಟಗೆ ನಿಲ್ಲುತ್ತದೆ, ಆದರೆ ಬಿದ್ದರೆ ಪೇಟದ ಜೊತೆ ತಲೆಯನ್ನೂ ಒಯ್ದೀತು. ನಡುವಿನದಕ್ಕೆ ಎರಡರ ಗುಣವೂ ಇದೆ ಎನ್ನಬಹುದು, ಎರಡರ ದೋಷವೂ ಇದೆ ಎನ್ನಬಹುದು.

ನನ್ನ ಕಸುಬೇ ಸೈಜು ಹೇಳುವುದು. ರೈತ ಬಂದು ಬಾವಿಯ ಆಳ ಹೇಳಿದರೆ ಸಾಕು, ಮೂರು ಎಚ್.ಪಿ.ಯೋ ಐದೋ ಏಳೂವರೆಯೋ ಎಂದು ಕಾಫಿ ಲೋಟ ಕೆಳಗಿಡದೆ ಹೇಳುತ್ತೇನೆ. ಹೆಲಿಕಾಪ್ಟರಿಗೆ ಬಾವಿ ಇಲ್ಲ. ಅದೇ ತೊಂದರೆ.

ಉಪ್ಪಿಟ್ಟು ಮಾಡಿಕೊಂಡೆ. ಉಪ್ಪು ಎರಡು ಸಲ ಬಿತ್ತು. ತಿಂದೆ.

ಕಡೂರು, ೧೫ ಜನವರಿ

ಸಂಕ್ರಾಂತಿ. ಮಲ್ಲಿಕಾಂಬ ಬರಲಿಲ್ಲ. ಅಜ್ಜಂಪುರದಿಂದ ಬಂದ ಯಾರೋ ನೆಂಟರ ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ ಕಳಿಸಿದ್ದಳು. “ಏನಾದ್ರೂ ಹೇಳಿದ್ಲಾ?” ಎಂದೆ. “ಇಲ್ಲ ಕಣ್ರೀ, ಕೊಡಿ ಅಂದ್ರು ಅಷ್ಟೆ” ಎಂದರು. ಎಳ್ಳು ಚೆನ್ನಾಗಿ ಹುರಿದಿತ್ತು.

ಅಂಗಡಿಗೆ ರಜೆಯಾದ್ದರಿಂದ ತರೀಕೆರೆಗೆ ಹೋದೆ. ಅಲ್ಲಿ ಸಿಕಂದರನ ರೇಡಿಯೋ ರಿಪೇರಿ ಅಂಗಡಿ. ಹೆಲಿಕಾಪ್ಟರಿನ ಕಂಟ್ರೋಲ್ ಡಬ್ಬಿಯನ್ನು ಬಿಚ್ಚಲು ನಾನು ಧೈರ್ಯವಾಗಿ ಕೊಡುವುದು ಅವನ ಕೈಗೆ ಮಾತ್ರ.

“ನಲವತ್ತು ತಗಳಿ ಮೂರ್ತಣ್ಣ,” ಎಂದ. “ಸಣ್ಣದು ತಗಂಡ್ರೆ ಹೆದರ್ದ ಅಂತಾರೆ. ದೊಡ್ಡದು ತಗಂಡ್ರೆ ಕೊಬ್ಬು ಅಂತಾರೆ. ನಲವತ್ತಕ್ಕೆ ಯಾರೂ ಏನೂ ಅನ್ನಲ್ಲ.”

“ಯಾರು ಏನಂತಾರೆ ಅನ್ನೋದಲ್ಲ ಸಿಕಂದರ್, ಗಾಳಿ ಏನನ್ನುತ್ತೆ ಅನ್ನೋದು ಮುಖ್ಯ.”

“ಗಾಳಿನೂ ಏನೂ ಅನ್ನಲ್ಲ.”

ಅವನ ಹೆಂಡತಿ ಹಮೀದುನ್ನೀಸಾ ಚಹಾ ತಂದುಕೊಟ್ಟು, “ಭಾಭಿ ಯಾವಾಗ ಬತ್ತಾರೆ ಅಣ್ಣಾ?” ಎಂದು ಕೇಳಿದರು. ತರೀಕೆರೆಯಲ್ಲಿ ಮರಗಳು ಜಾಸ್ತಿ, ಇಲ್ಲಿ ಯಾವ ಸೈಜೂ ಹಾರಿಸುವುದು ಕಷ್ಟ ಎಂದೆ. ಅವರು ನನ್ನ ಮುಖ ನೋಡಿ ಒಳಗೆ ಹೋಗಿ ಇನ್ನೆರಡು ಬಿಸ್ಕತ್ತು ತಂದಿಟ್ಟರು.

ಕಡೂರು, ೨೩ ಜನವರಿ

ಚಿತ್ರ ನೋಡಿದರೆ ಸಾಲದು, ಗಾತ್ರ ಕಣ್ಣಿಗೆ ಅಭ್ಯಾಸವಾಗಬೇಕು. ಬಿದಿರ ದಬ್ಬೆಯಿಂದ ಮೂರು ಡಮ್ಮಿ ಹೆಲಿಕಾಪ್ಟರ್ ಕಟ್ಟಿದ್ದೇನೆ. ಮೈಗೆ ಬಟ್ಟೆ ಬೇಕಿತ್ತು. ಬೀರುವಿನಲ್ಲಿ ಮಲ್ಲಿಕಾಂಬನ ಒಂದು ಹಸಿರು ಸೀರೆ ಸಿಕ್ಕಿತು, ಮೂರಕ್ಕೂ ಸಾಲುವಷ್ಟಾಯಿತು. ಆ ಸೀರೆ ಅವಳಿಗೆ ಇಷ್ಟವಿರಲಿಲ್ಲ. ಅಥವಾ ಬಹಳ ಇಷ್ಟವಿತ್ತು. ಎರಡರಲ್ಲಿ ಒಂದು.

ಮೂರನ್ನೂ ನಡುಮನೆಯ ತೊಲೆಗೆ ತೂಗುಹಾಕಿದ್ದೇನೆ. ಬಾಗಿಲು ತೆರೆದರೆ ಮೆಲ್ಲಗೆ ತಿರುಗುತ್ತವೆ. ಮನೆಗೆ ಬಂದಾಗ ಏನೋ ಅಲುಗಾಡುವುದು ಕಂಡರೆ ಒಂದು ಥರ ಸಮಾಧಾನ. ಸೈಜಿನ ವಿಷಯದಲ್ಲಿ ಮಾತ್ರ ಇನ್ನೂ ತೀರ್ಮಾನವಿಲ್ಲ.

ಕಡೂರು, ೧ ಫೆಬ್ರವರಿ

ಕಡೂರಿನಲ್ಲಿ ತೆಂಗು, ತರೀಕೆರೆಯಲ್ಲಿ ಕಾಡು. ಬಯಲು ಇರುವುದು ಅಜ್ಜಂಪುರದಲ್ಲಿ. ಆದ್ದರಿಂದ ಗಾಳಿಯ ಅಧ್ಯಯನಕ್ಕಾಗಿ ಇವತ್ತು ಅಜ್ಜಂಪುರಕ್ಕೆ ಹೋಗಿದ್ದೆ. ಇದರಲ್ಲಿ ಬೇರೆ ಉದ್ದೇಶವಿಲ್ಲ.

ಪ್ಯಾಸೆಂಜರ್ ರೈಲಿನಲ್ಲಿ ಮೂರು ಡಮ್ಮಿಗಳನ್ನು ಒಟ್ಟಿಗೆ ಕಟ್ಟಿ ಒಯ್ದೆ. ಬಾಗಿಲಲ್ಲಿ ತೂರಿಸುವುದೇ ಕಷ್ಟವಾಯಿತು. ಬೀರೂರಿನಲ್ಲಿ ಹತ್ತಿದ ಮುದುಕರೊಬ್ಬರು ಬಿದಿರನ್ನೂ ಸೀರೆಯನ್ನೂ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದರು.

“ಯಾರು ತೀರ್ಕಂಡಿದ್ದು?”

“ಯಾರೂ ಇಲ್ಲ. ಇದು ಹೆಲಿಕಾಪ್ಟರ್.”

“ಎಲ್ರೂ ಒಂದಿನ ಹೋಗೋದೇ ಕಣಪ್ಪಾ,” ಎಂದು ಬೆನ್ನು ತಟ್ಟಿದರು. ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ. ರೈಲಿನ ಧೂಳು.

ಊರ ಹೊರಗಿನ ಬಯಲಿನಲ್ಲಿ ಒಂದೊಂದನ್ನೇ ಎತ್ತಿ ಹಿಡಿದು ನೋಡಿದೆ. ಗಾಳಿ ಪಡುವಣದಿಂದ. ಆಮೇಲೆ ಅಷ್ಟು ದೂರ ಬಂದು ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು, ಒಗೆದ ಪೇಟವನ್ನು ಹಿಡಿದು ಮಾವನವರ ಮನೆಗೆ ಹೋದೆ. ಅವರು ಜಗಲಿಯ ಮೇಲಿದ್ದರು. ನನ್ನನ್ನು ಕಂಡು ಗೋಡೆಯ ಕಡೆ ತಿರುಗಿ ಕೂತರು. ಪೇಟವನ್ನು ಅವರ ಬೆನ್ನ ಹಿಂದೆ ಇಟ್ಟೆ.

ಮಲ್ಲಿಕಾಂಬ ಬಾಗಿಲಿಗೆ ಬಂದಳು. “ಅವ್ವಾ, ಬಂದೋರಿಗೆ ನೀರು ಕೊಡು,” ಎಂದು ಒಳಗೆ ತಿರುಗಿ ಹೇಳಿದಳು. ಅತ್ತೆ ತೀರ್ಥಮ್ಮನವರು ನೀರು ತಂದರು. ಅಷ್ಟರಲ್ಲಿ ಅವಳ ಕಣ್ಣು ಡಮ್ಮಿಗಳ ಮೇಲೆ ಬಿತ್ತು.

“ಅವ್ವಾ, ಅದು ನನ್ನ ಸೀರೆ.”

“ಏನಮ್ಮಾ ಮಾಡ್ಲಿ ಅದಕ್ಕೆ?” ಎಂದರು ಅತ್ತೆ.

“ಏನೂ ಮಾಡ್ಬೇಡ. ಹೇಳ್ದೆ ಅಷ್ಟೆ.”

ಸ್ವಲ್ಪ ಇಳಿದಿದ್ದಾಳೆ. ಅಥವಾ ಬಾಗಿಲಿನ ನೆರಳು ಇದ್ದೀತು. ಗಾಳಿಯ ವಿಷಯದಲ್ಲಿ ಒಂದು ಸಲದ ಅಧ್ಯಯನ ಸಾಲದು. ಮುಂದಿನ ಭಾನುವಾರವೂ ಹೋಗಬೇಕು.

ಕಡೂರು, ೮ ಫೆಬ್ರವರಿ

ಅಜ್ಜಂಪುರ. ಗಾಳಿ ಅದೇ. ನೀರಿನ ಬದಲು ಮಜ್ಜಿಗೆ ಸಿಕ್ಕಿತು. ಇನ್ನೊಂದು ಸಲ ನೋಡಬೇಕು.

ಕಡೂರು, ೧೫ ಫೆಬ್ರವರಿ

ಇವತ್ತಿನದನ್ನು ಬಿಡಿಸಿ ಬರೆಯಬೇಕು.

ನಾನು ಹೋಗುವಷ್ಟರಲ್ಲಿ ಮಾವನವರ ಪಡಸಾಲೆಯಲ್ಲಿ ಹಿರಿಯರೆಲ್ಲ ಸೇರಿದ್ದರು. ಮಧ್ಯದಲ್ಲಿ ಕರಿಸಿದ್ದಪ್ಪನವರು, ಆ ಕಡೆ ಎಲ್ಲ ಜಗಳವನ್ನೂ ಬಗೆಹರಿಸುವವರು. ಜಮಖಾನ, ಎಲೆಅಡಿಕೆ ಎಲ್ಲ ಇತ್ತು. ನನ್ನನ್ನು ಎದುರಿಗೆ ಕೂರಿಸಿದರು.

“ನೋಡಪ್ಪಾ ಓಂಕಾರಮೂರ್ತಿ,” ಎಂದರು ಕರಿಸಿದ್ದಪ್ಪನವರು. “ವಿಷಯ ಎಲ್ರಿಗೂ ಗೊತ್ತು. ಒಂದೂವರೆ ತಿಂಗಳಾಯ್ತು. ಹಿಂಗೇ ಬಿಟ್ರೆ ಚೆನ್ನಾಗಿರಲ್ಲ. ನಿನ್ನ ಮನಸ್ಸಲ್ಲಿ ಏನೈತೆ, ಬಿಚ್ಚಿ ಹೇಳು.”

ಇಷ್ಟು ಜನ ಇದಕ್ಕಾಗಿ ಸೇರಿದ್ದಾರಲ್ಲ ಎಂದು ನನಗೆ ಹೃದಯ ತುಂಬಿಬಂತು. ಬಿಚ್ಚಿ ಹೇಳಿದೆ. ಮೂರು ಡಮ್ಮಿಗಳನ್ನು ಜಮಖಾನದ ಮೇಲಿಟ್ಟು ಮೂವತ್ತರ ಗುಣದೋಷ, ನಲವತ್ತರ ಗುಣದೋಷ, ಅರವತ್ತರ ಗುಣದೋಷ, ಪಡುವಣ ಗಾಳಿಯ ಸ್ವಭಾವ, ಎಲ್ಲ ವಿವರಿಸಿದೆ. ಮುಗಿಸಿ ಹಿರಿಯರ ಕಡೆ ನೋಡಿದೆ. ಒಬ್ಬರು ಎಲೆಗೆ ಸುಣ್ಣ ಹಚ್ಚುವುದನ್ನೇ ಮರೆತಿದ್ದರು.

ಕರಿಸಿದ್ದಪ್ಪನವರು ಮೂವತ್ತರ ಡಮ್ಮಿಯನ್ನು ಒಂದೇ ಕೈಯಲ್ಲಿ ಎತ್ತಿದರು.

“ದೇವೀರಪ್ಪನ ಪೇಟ ಕಿತ್ಕಂಡು ಹೋಗಿದ್ದು ಇದಾ?”

“ಹೌದು.”

“ಇಷ್ಟೇಯಾ?”

“ಇಷ್ಟೇ.”

“ಲೇ ದೇವೀರಪ್ಪ! ಹೆಲಿಕಾಪ್ಟರ್ ಅಂದ್ಯಲ್ಲೋ! ನಾನು ಮಂತ್ರಿಗಳು ಬತ್ತಾರಲ್ಲ, ಹಂಗಿರೋದು ಅಂದ್ಕಂಡಿದ್ದೆ. ಇದು ಕೊಕ್ಕರೆಗಿಂತ ಒಂದೀಟು ದೊಡ್ಡದು!”

ಮಾವನವರು ಮೊದಲ ಸಲ ಗೋಡೆಯಿಂದ ಈಚೆ ತಿರುಗಿದರು. ಅವರ ಮುಖ ಕೆಂಪಾಗಿತ್ತು. “ಹಾರೋವಾಗ ದೊಡ್ಡದಾಗಿತ್ತು,” ಎಂದರು.

ಅಲ್ಲಿಂದ ಚರ್ಚೆ ಬಹಳ ಉಪಯುಕ್ತವಾಯಿತು. ಇಂಥ ಮನೆತನದವರ ಪೇಟವನ್ನು ಎಲ್ಲಕ್ಕಿಂತ ಚಿಕ್ಕ ಸೈಜು ಒಯ್ದಿತು ಎಂದರೆ ಮಠದಲ್ಲಿ ಮುಖ ತೋರಿಸುವುದು ಹೇಗೆ ಎಂದು ಒಬ್ಬರು. ಅಳಿಯ ಅರವತ್ತರದನ್ನೇ ತರಿಸಿ ಊರವರಿಗೆ ತೋರಿಸಿ, ಒಯ್ದದ್ದು ಇದೇ ಎಂದರೆ ಮರ್ಯಾದೆ ಉಳಿಯುತ್ತದೆ ಎಂದು ಇನ್ನೊಬ್ಬರು. ನಲವತ್ತಾದರೂ ಪರವಾಗಿಲ್ಲ, ದೂರದಿಂದ ತೋರಿಸಿದರಾಯಿತು ಎಂದು ಮತ್ತೊಬ್ಬರು. ಕರಿಸಿದ್ದಪ್ಪನವರು ಅರವತ್ತಕ್ಕೆ ಒತ್ತು ಕೊಟ್ಟರು. ಮಾವನವರು, “ಅರವತ್ತು ಆದ್ರೆ ನಾನು ಬಗ್ತಿದ್ದೆ,” ಎಂದರು. ಅವರ ಬಾಯಲ್ಲಿ ಇಂಥ ಮಾತು ನಾನು ಕೇಳಿಯೇ ಇರಲಿಲ್ಲ.

ಆಗ ಒಳಮನೆಯಿಂದ ಮಲ್ಲಿಕಾಂಬನ ಧ್ವನಿ ಬಂತು. “ಯಾರಾದ್ರೂ ನನ್ನ ಒಂದು ಮಾತು ಕೇಳಿದ್ರಾ?”

ಕರಿಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡು, “ಸರಿಯಮ್ಮಾ, ನೀನೇ ಹೇಳು. ಯಾವ ಸೈಜು?” ಎಂದರು.

ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಅವಳ ಒಲವು ಯಾವ ಸೈಜಿನ ಕಡೆ ಎಂದು ಸ್ಪಷ್ಟವಾಗಲಿಲ್ಲ.

ಕಡೂರು, ೧೯ ಫೆಬ್ರವರಿ

ನಿದ್ದೆ ಸರಿಯಿಲ್ಲ. ಸೈಜಿನ ಯೋಚನೆ.

ಕಡೂರು, ೨೨ ಫೆಬ್ರವರಿ

ಮೂವತ್ತರ ಡಮ್ಮಿಯ ಬಟ್ಟೆಯನ್ನು ಇಲಿ ಕಡಿದಿದೆ. ಸೆರಗಿನ ಭಾಗ. ಹೊಲಿಯೋಣವೆಂದು ಸೂಜಿದಾರ ಹುಡುಕಿದೆ. ಅವಳು ಎಲ್ಲಿಟ್ಟಿರುತ್ತಾಳೋ ಸಿಗಲಿಲ್ಲ. ಮನೆಯಲ್ಲಿ ಯಾವುದು ಎಲ್ಲಿದೆ ಎಂದು ನನಗೆ ಒಂದೂ ಗೊತ್ತಿಲ್ಲ. ಹುಡುಕುತ್ತ ಅವಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಸಿಕ್ಕಿತು. ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು. ನನಗೆ ಬಂದದ್ದು ಮೂವತ್ತೆಂಟು. ಮದುವೆಯಾಗಿ ಹನ್ನೊಂದು ವರ್ಷ, ಇದನ್ನು ಯಾರೂ ಹೇಳಿರಲಿಲ್ಲ.

ಹೊಲಿಯದೆ ಹಾಗೇ ಬಿಟ್ಟೆ.

ಕಡೂರು, ೨೬ ಫೆಬ್ರವರಿ

ಶಿವರಾತ್ರಿ. ಅಜ್ಜಂಪುರಕ್ಕೆ ಹೋದೆ. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಗೊತ್ತಾಯಿತು, ಡಮ್ಮಿಗಳನ್ನು ಮನೆಯಲ್ಲೇ ಮರೆತುಬಂದಿದ್ದೇನೆ. ಬಯಲಿಗೂ ಹೋಗಲಿಲ್ಲ. ನೇರ ಮನೆಗೇ ಹೋದೆ.

ಮಾವನವರು ಜಗಲಿಯಲ್ಲಿ ನನ್ನ ದಾರಿ ನೋಡುತ್ತಿದ್ದ ಹಾಗಿತ್ತು. ಬರಿಗೈ ಕಂಡು, “ಎಲ್ರೀ ಅವು?” ಎಂದರು. ಕ್ಯಾಟಲಾಗು ಕೊಟ್ಟೆ. ಕನ್ನಡಕ ಹಾಕಿಕೊಂಡು ಜಪಾನೀ ಅಕ್ಷರದ ಮೇಲೆ ಬೆರಳಿಟ್ಟು, ಓದು ಬರುವವರ ಹಾಗೆ ಒಂದೊಂದೇ ಸಾಲು ಇಳಿಸಿದರು. ಉಪವಾಸದ ದಿನವಾದ್ದರಿಂದ ಮಲ್ಲಿಕಾಂಬ ಎಲ್ಲರಿಗೂ ಪಾನಕ ತಂದಳು. ನನ್ನ ಲೋಟವನ್ನು ನನ್ನ ಕೈಗೇ ಕೊಟ್ಟಳು. ಅಪ್ಪನ ಹೆಗಲ ಮೇಲಿಂದ ಬಗ್ಗಿ ಪುಟ ನೋಡಿದಳು.

“ಮೂವತ್ತು, ನಲವತ್ತರ ಚಿತ್ರದಲ್ಲಿ ಒಬ್ನೇ ಇದಾನೆ. ಅರವತ್ತರ ಹತ್ರ ಇನ್ನೊಬ್ಬ ಯಾರು?”

ಮಾವನವರು, “ಯಾರಪ್ಪಾ ಅವ್ನು?” ಎಂದು ನನಗೆ ದಾಟಿಸಿದರು.

“ಹಿಡ್ಕೊಳ್ಳೋನು,” ಎಂದೆ. “ದೊಡ್ಡ ಎಂಜಿನ್ನು ಸ್ಟಾರ್ಟ್ ಮಾಡೋವಾಗ ರೆಕ್ಕೆಯ ಬುಡವನ್ನ ಒಬ್ರು ಗಟ್ಟಿಯಾಗಿ ಹಿಡ್ಕಂಡಿರ್ಬೇಕು. ಇಲ್ದಿದ್ರೆ ತಿರುಗಿಬಿಡುತ್ತೆ. ಅದೇ ಅರವತ್ತರ ದೊಡ್ಡ ದೋಷ. ಒಬ್ರ ಕೈಲಿ ಆಗಲ್ಲ.”

“ನಮ್ಮನೇಲಿದ್ದುದನ್ನ ಯಾರು ಹಿಡ್ಕಂಡಿದ್ರು?” ಈ ಸಲ ನನ್ನನ್ನೇ ನೋಡಿ ಕೇಳಿದಳು.

“ಯಾರೂ ಇಲ್ಲ. ನಾನೇ ಒಂದು ಕಾಲಲ್ಲಿ ಒತ್ತಿ ಹಿಡೀತಿದ್ದೆ.”

“ಹತ್ತು ಹೆಜ್ಜೆ ಆಚೆ ಹಿತ್ತಲಲ್ಲಿ ನಾನು ನಿಂತಿರ್ತಿದ್ದೆ. ಕರೀಬೇಕು ಅನ್ನಿಸ್ಲಿಲ್ವಾ?”

“ಗ್ರೀಸು, ಎಣ್ಣೆ... ಸೀರೆ ಕೊಳೆಯಾಗುತ್ತೆ.”

“ಸೀರೆ ವಿಷ್ಯ ನೀವು ಮಾತಾಡ್ಬೇಡಿ.” ಮಾವನವರು ಪುಟದಿಂದ ತಲೆ ಎತ್ತಲಿಲ್ಲ. “ಅಪ್ಪನ ಪೇಟ ಹೋಯ್ತು ಅಂತ ನಾನು ಮುನಿಸ್ಕಂಡಿದೀನಿ ಅಂದ್ಕಂಡಿದೀರ ನೀವೆಲ್ಲ. ಪೇಟ ಹಾರಿದ್ದು ಚೆನ್ನಾಗೇ ಇತ್ತು. ನಂಗೆ ನಗು ತಡ್ಯಕ್ಕಾಗ್ಲಿಲ್ಲ, ಸೆರಗು ಬಾಯಿಗೆ ಇಟ್ಕಂಡು ಒಳಗೆ ಓಡ್ದೆ. ಆಮೇಲೆ ನೀವು ಒಬ್ರೇ ಮರದ ಕೆಳಗೆ ನಿಂತ್ಕಂಡು ಮೇಲೆ ನೋಡ್ತಾನೇ ಇದ್ರಿ. ಅಪ್ಪ ಹೊರಟ್ರು, ನಾನು ಚೀಲ ತಗಂಡು ಹೊರಟೆ, ತಿರುಗಿ ನೋಡ್ಲಿಲ್ಲ. ಹನ್ನೊಂದು ವರ್ಷದಿಂದ ಹಿಂಗೇ. ಅಂಗಡಿ ಅಂದ್ರೆ ನೀವೊಬ್ರೇ, ಮೋಟಾರು ಅಂದ್ರೆ ನೀವೊಬ್ರೇ. ನಾನು ಉಪ್ಪು ಹಾಕಕ್ಕೆ ಇರೋಳು.”

“ಮರದ ತುದೀಲಿ ಎಂಜಿನ್ನು ಇನ್ನೂ ಓಡ್ತಿತ್ತು,” ಎಂದೆ. ಅದು ನಿಜ.

ಅವಳು ಕ್ಯಾಟಲಾಗನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಮಡಿಸಿದಳು.

“ಅರವತ್ತರದು ತರ್ಸಿ.”

“ಅದರ ದೋಷ ಈಗ್ತಾನೆ...”

“ಅರವತ್ತರದು.”

ಮಾವನವರು, “ನಾನು ಅವತ್ತೇ ಹೇಳಿದ್ದೆ,” ಎಂದರು.

ಅರವತ್ತರ ಪರವಾಗಿ ಅವಳು ಕೊಟ್ಟ ಕಾರಣ ತಾಂತ್ರಿಕವಾಗಿ ನಿಲ್ಲುವುದಿಲ್ಲ. ಹಿಡಿದುಕೊಳ್ಳುವುದಕ್ಕೆ ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಬಹುದು. ಅದನ್ನು ಹೇಳಲು ಬಾಯಿ ತೆರೆದೆ. ಹೇಳದೆ, ಸಂಜೆಯ ರೈಲಿಗೆ ಎರಡು ಟಿಕೆಟ್ ತೆಗೆಸಿದೆ.

ಕಡೂರು, ೨೭ ಫೆಬ್ರವರಿ

ಟೆಲಿಗ್ರಾಂ ಕೊಟ್ಟೆ. ‘ಬ್ರಿಂಗ್ ಸಿಕ್ಸ್ಟಿ’ ಎಂದಷ್ಟೇ. ಕೌಂಟರಿನಲ್ಲಿದ್ದ ಪಂಕಜಾಕ್ಷಿ ಎಂಬುವರು, “ಅರವತ್ತು ಏನು ಸರ್? ಸೀರೆನಾ?” ಎಂದರು. ಹೆಲಿಕಾಪ್ಟರ್ ಎಂದೆ. “ಅರವತ್ತು ಹೆಲಿಕಾಪ್ಟರಾ?” ಎಂದು ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆದುಕೊಂಡು ಬಂದರು. ಅವರು ನನ್ನ ಹೆಸರು, ತಂದೆಯ ಹೆಸರು ಎಲ್ಲ ಕೇಳಿ, ಪಂಪ್‌ಸೆಟ್ ಅಂಗಡಿಯವನೆಂದು ಗೊತ್ತಾದ ಮೇಲೆ ಅವರ ತೋಟದ ಮೋಟಾರು ಸುಟ್ಟುಹೋದದ್ದರ ಬಗ್ಗೆ ವಿಚಾರಿಸಿದರು. ಟೆಲಿಗ್ರಾಂ ಹೋಯಿತು.

ಇವತ್ತು ಒಂದು ನಷ್ಟ. ಮಲ್ಲಿಕಾಂಬ ಬೆಳಿಗ್ಗೆ ಎದ್ದವಳೇ ಡಮ್ಮಿಗಳನ್ನೆಲ್ಲ ತೊಲೆಯಿಂದ ಇಳಿಸಿ, ಸೀರೆ ಬಿಚ್ಚಿ ನೆನೆಹಾಕಿದ್ದಾಳೆ. ಬಿದಿರು ಒಲೆಗೆ ಹೋಯಿತು. ನಡುಮನೆಯಲ್ಲಿ ತಲೆ ಬಗ್ಗಿಸಿಕೊಂಡೇ ಓಡಾಡುವ ಅಭ್ಯಾಸವಾಗಿದೆ. ಅದು ಹೋಗಲು ಸ್ವಲ್ಪ ದಿನ ಬೇಕು. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿತ್ತು.

ಕಡೂರು, ೧೯ ಏಪ್ರಿಲ್

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಸಂಜೆ ಹೊತ್ತು ಮಾತಿನಲ್ಲೇ ಕಳೆದುಹೋಗುತ್ತದೆ.

ಇವತ್ತು ಅಜ್ಜಯ್ಯ ಪೆಟ್ಟಿಗೆಯೊಂದಿಗೆ ಬೀರೂರಿನಲ್ಲಿ ಇಳಿದ. ಅದು ಆಟೋದಲ್ಲಿ ಹಿಡಿಸಲಿಲ್ಲ. ಬಸ್ಸಿನ ಟಾಪಿನ ಮೇಲೆ ಅದರ ಜೊತೆ ಅವನೂ ಕೂತುಕೊಂಡು ಬಂದ. “ಅತ್ತಿಗೆ ಬಂದವ್ರೆ ಅಂತ ನೀನು ಒಂದು ಗೆರೆ ಬರೀಲಿಲ್ವಲ್ಲ ಅಣ್ಣಯ್ಯ,” ಎಂದು ಬೈದ. “ಕಾಗದದಲ್ಲಿ ನಾಲ್ಕು ಪುಟ ಬರ್ದಿದ್ದೆಯಲ್ಲ, ಬರೀ ಗಾಳಿ ವಿಷ್ಯ!”

ಅಡುಗೆಮನೆಯಲ್ಲಿ ಚಾಪೆ ಹಾಸಿ ಜೋಡಿಸಲು ಕೂತೆವು. ಸೂಚನೆಯ ಪುಸ್ತಕ ನಾನು ಹಿಡಿದಿದ್ದೆ, ಸ್ಕ್ರೂಡ್ರೈವರ್ ಅವಳು. ಚಿತ್ರವನ್ನು ನಾನು ತಲೆಕೆಳಗಾಗಿ ಹಿಡಿದಿದ್ದೇನೆಂದು ಅವಳು, ಹೆಲಿಕಾಪ್ಟರೇ ತಲೆಕೆಳಗಾಗಿದೆಯೆಂದು ನಾನು. ಬಹಳ ಹೊತ್ತು ಜಗಳವಾಯಿತು. ಅಜ್ಜಯ್ಯ ಎದ್ದು ಹೋಗಿ ಜಗಲಿಯಲ್ಲಿ ಮಲಗಿಬಿಟ್ಟ. ಪುಸ್ತಕವೇ ತಲೆಕೆಳಗಾಗಿತ್ತು.

ಕಡೂರು, ೨೬ ಏಪ್ರಿಲ್

ಅಜ್ಜಂಪುರದ ಬಯಲು. ಎಂಜಿನ್ನಿಗೆ ಹರಳೆಣ್ಣೆ ಬೆರೆಸಿದ ಸ್ಪಿರಿಟ್ ಹಾಕಿದೆವು. ಊರೆಲ್ಲ ಕೂಸಿಗೆ ಎಣ್ಣೆ ಕುಡಿಸುವ ಮನೆಯ ಹಾಗೆ ವಾಸನೆ. ಹಿರಿಯರೆಲ್ಲ ಎತ್ತಿನ ಗಾಡಿಯ ಹಿಂದೆ ನಿಂತಿದ್ದರು. ಮಾವನವರು ಮಾತ್ರ ಮುಂದೆ ನಿಂತು, ಬಂದವರಿಗೆಲ್ಲ, “ಇದೇ, ಇದೇ,” ಎಂದು ತೋರಿಸುತ್ತಿದ್ದರು. ಅವರ ತಲೆಯ ಮೇಲೆ ಪೇಟ. ಅದರ ಮೇಲಿಂದ ಗಲ್ಲಕ್ಕೆ ಒಂದು ಟವಲು ಬಿಗಿದಿತ್ತು.

ಮಲ್ಲಿಕಾಂಬ ಸೆರಗು ಸೊಂಟಕ್ಕೆ ಸಿಕ್ಕಿಸಿ, ರೆಕ್ಕೆಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ಸ್ಟಾರ್ಟ್ ಮಾಡಿದೆ. ಆ ಸದ್ದಿಗೆ ಎತ್ತುಗಳು ಗಾಡಿಯನ್ನು ಎಳೆದುಕೊಂಡು ಹೋದವು. ಹಿರಿಯರಿಗೆ ಮರೆ ಇಲ್ಲದಾಯಿತು. ಅವಳು ಕೈ ಬಿಡಲಿಲ್ಲ. ನಾನು ತಲೆಯಾಡಿಸಿದ ಮೇಲೆ ಬಿಟ್ಟು ಹಿಂದೆ ಸರಿದಳು. ಹೆಲಿಕಾಪ್ಟರ್ ಮೊಳದೆತ್ತರ ಎದ್ದು ಕಪ್ಪೆಯ ಹಾಗೆ ಕುಪ್ಪಳಿಸಿ ಕೂತಿತು. ಮತ್ತೆ ಎದ್ದು ಕೂತಿತು. ಅಷ್ಟೆ. ಕರಿಸಿದ್ದಪ್ಪನವರು ತೃಪ್ತಿಪಟ್ಟರು. “ಇದು ಪೇಟ ಒಯ್ಯೋಂಥದ್ದೇ,” ಎಂದರು.

ಕಡೂರು, ೩ ಮೇ

ಅದೇ ಬಯಲು. ಹಾರಿಸಿದ್ದು ನಾನು ಮೂರು ಸಲ, ಅವಳು ಒಂದು ಸಲ. ಇಬ್ಬರದೂ ಕುಪ್ಪಳಿಸುವುದೇ. ಅವಳದು ಕೂರುವಾಗ ಸದ್ದಾಗಲಿಲ್ಲ.

ಕಡೂರು, ೧೦ ಮೇ

ಅವಳು ಎರಡು, ನಾನು ಎರಡು. ಹೆಲಿಕಾಪ್ಟರ್ ನಮ್ಮ ಕಡೆ ಮುಖ ಮಾಡಿದಾಗ ಎಡಬಲ ಅದಲುಬದಲಾಗುತ್ತದೆ. ನನಗೆ ಅದು ತಲೆಗೆ ಹತ್ತುವುದಿಲ್ಲ. ಅವಳು, “ಅದ್ರೊಳಗೆ ನೀವೇ ಕೂತಿದೀರ ಅಂದ್ಕಳಿ,” ಎಂದಳು. ಅಂದುಕೊಂಡೆ. ತಲೆ ತಿರುಗಿತು.

ಕಡೂರು, ೧೭ ಮೇ

ಎಂಜಿನ್ನಿನಿಂದ ಹರಳೆಣ್ಣೆ ಸಿಡಿದು ನನ್ನ ಕನ್ನಡಕ ಮಬ್ಬಾಯಿತು. ಒರೆಸಿಕೊಳ್ಳೋಣವೆಂದು ಕಂಟ್ರೋಲ್ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಪಂಚೆಯ ತುದಿಯಲ್ಲಿ ಎರಡೂ ಗಾಜು ಒರೆಸಿ, ಕನ್ನಡಕ ಹಾಕಿಕೊಂಡು ತಲೆ ಎತ್ತಿದೆ.

ಹೆಲಿಕಾಪ್ಟರ್ ನಮ್ಮ ಎದೆಯೆತ್ತರದಲ್ಲಿ ನಿಂತಿತ್ತು. ಹಾರುತ್ತಿರಲಿಲ್ಲ, ಬೀಳುತ್ತಲೂ ಇರಲಿಲ್ಲ, ಗಾಳಿಯಲ್ಲಿ ಸುಮ್ಮನೆ ನಿಂತಿತ್ತು. ಕೆಳಗೆ ಒಣಹುಲ್ಲು ಸುತ್ತಲೂ ಮಲಗಿಕೊಂಡಿತ್ತು. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಹೆಬ್ಬೆರಳುಗಳು ಅಲುಗುವುದೇ ಕಾಣುತ್ತಿರಲಿಲ್ಲ.

ನಾನು ಅವಳ ಪಕ್ಕ ನಿಂತೆ. ಸದ್ದು ವಿಪರೀತ. ಅದರ ಮಧ್ಯೆ ಅವಳು ನನಗೆ ಏನೋ ಹೇಳಿ ಉತ್ತರಕ್ಕೆ ಕಾದಳು. ಏನೆಂದು ಕೇಳಿಸಲಿಲ್ಲ. ಹೂಂ ಎಂದೆ.

ಇಳಿಸಿದ ಮೇಲೆ, “ಆವಾಗ ಏನಂದೆ?” ಎಂದು ಕೇಳಿದೆ. “ಹೂಂ ಅಂದ್ರಲ್ಲ, ಆಯ್ತು ಬಿಡಿ,” ಎಂದು ನಕ್ಕಳು. ನಾನು ಹಾರಿಸಲು ಎಣ್ಣೆ ಉಳಿದಿರಲಿಲ್ಲ. ಮುಂದಿನ ವಾರ ಹಾರಿಸಿದರಾಯಿತು.

ಕಡೂರು, ೨೧ ಮೇ

ಸೋಮವಾರದಿಂದ ಮಲ್ಲಿಕಾಂಬ ಅಂಗಡಿಯಲ್ಲಿ ಕೂರುತ್ತಾಳೆ. ನಾನು ಹೂಂ ಎಂದದ್ದು ಅದಕ್ಕಂತೆ. ಮಾವನವರು ಪಕ್ಕದಲ್ಲೇ ಇದ್ದರು, ಅವರಿಗೆ ಕೇಳಿಸಿತಂತೆ, ಸಾಕ್ಷಿ ಹೇಳುತ್ತಾರೆ. ಬೀಗದ ಕೈ ಕೊಟ್ಟೆ.

ಕಡೂರು, ೨ ಜೂನ್

ಬೆಳಿಗ್ಗೆ ಅಂಗಡಿ ತೆಗೆಯುವುದು ಅವಳು. ನಾನು ಅಡುಗೆ ಮುಗಿಸಿ, ಕ್ಯಾರಿಯರ್ ಹಿಡಿದು ಹೋಗುತ್ತೇನೆ. ಹಿಂದಿನ ಶೆಡ್ಡಿನಲ್ಲಿ ವೈಂಡಿಂಗ್ ಕೆಲಸ ನನ್ನದು. ಹೆಲಿಕಾಪ್ಟರನ್ನು ಈಚೆಗೆ ನಾನು ಹಾರಿಸಿಲ್ಲ. ಬುಡ ಹಿಡಿದುಕೊಳ್ಳುವುದರಲ್ಲಿ ನನ್ನ ಕೈ ಚೆನ್ನಾಗಿ ಕೂತಿದೆ. ಅದೂ ಸುಲಭದ ಕೆಲಸವಲ್ಲ, ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಇವತ್ತು ಸಖರಾಯಪಟ್ಟಣದ ಕಡೆಯ ರೈತರೊಬ್ಬರು ಬಂದರು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಶೆಡ್ಡಿನಿಂದ ನಾನು ಎದ್ದು ಬಂದು, “ಬಾವಿ ಎಷ್ಟು ಆಳ?” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಗಲ್ಲಪ್ಪಾ, ಅಮ್ಮಾವ್ರಿಗೆ ಹೇಳ್ಬೇಕು. ಅಮ್ಮಾವ್ರು ಇಲ್ವಾ?”

“ಇದಾಳೆ,” ಎಂದೆ. “ಇಲ್ಲೇ ಇದಾಳೆ. ಒಳಗಿದಾಳೆ.”

ಮೂರು ಸಲ ಯಾಕೆ ಹೇಳಿದೆನೋ ಗೊತ್ತಿಲ್ಲ.